ಬೊಳ್ಳು ಯಾಕೆ ಪಾದ ನೆಕ್ಕುತ್ತಿದ್ದ?

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಉಡುಪಿಯ ಆಚೀಚೆಯಿಂದ ಬಂದಿದ್ದೀರಿ, ತುಂಬ ಖುಷಿಯಾಯಿತು. ಮೊದಲೇ ಹೇಳಿಬಿಡುತ್ತೇನೆ, ನಾನು ಪಶುವೈದ್ಯೆ ಅಲ್ಲ. ನಾಯಿ ಸಾಕುವವಳು. ಸಾಕಿದ ಒಂದು ನಾಯಿಯ ಅಲರ್ಜಿಯನ್ನು ಎರಡು ಮಳೆಗಾಲ ಗುರುತಿಸದೆ ಬಿಟ್ಟೆ, ಅದು ಇವತ್ತಿಗೂ ನನಗೆ ಬೇಜಾರು.

ಬೊಳ್ಳು ಊರ ನಾಯಿ. ಹೆಸರಿನ ಹಾಗೇ ಪೂರ್ತಿ ಬಿಳಿ. ಎರಡು ವರ್ಷ ಆಗುವಾಗ ಪಾದ ನೆಕ್ಕಲು ಶುರು ಮಾಡಿದ. ಜಗಲಿಯಲ್ಲಿ ಮಲಗಿ ಒಂದೇ ಸಮನೆ ನೆಕ್ಕುವುದು, ಬೆರಳ ಸಂದಿಗೆ ಮೂತಿ ತುರುಕಿ ಎದುರಿನ ಹಲ್ಲಲ್ಲಿ ಕಟಕಟ ಕಚ್ಚುವುದು, ಕರೆದರೆ ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಅದೇ ಕೆಲಸ. ಮಳೆಗಾಲ ಅಲ್ವಾ, ಕಾಲು ಒದ್ದೆ, ನೆಕ್ಕುತ್ತಾನೆ ಅಂದುಕೊಂಡೆವು. ಪಾದದ ಕೂದಲು ಕೆಂಪಗಾಯಿತು. ಅದನ್ನೂ ಅಂಗಳದ ಕೆಂಪು ಮಣ್ಣು ಅಂದೆವು. ತೊಳೆದರೂ ಹೋಗಲಿಲ್ಲ. ಅದು ಜೊಲ್ಲಿನ ಕಲೆ. ದಿನಾ ನೆಕ್ಕಿ ನೆಕ್ಕಿ ಬಿಳಿ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗುತ್ತೆ.

ನಮಗೆ ಅಲರ್ಜಿ ಅಂದ್ರೆ ಸೀನು, ಮೂಗು ಸೋರುವುದು. ನಾಯಿಗೆ ಅದೆಲ್ಲ ಕಡಿಮೆ, ಜಾಸ್ತಿ ಕಾಣುವುದು ಚರ್ಮದಲ್ಲಿ. ಪಾದ, ಕಂಕುಳು, ತೊಡೆಸಂದು, ಹೊಟ್ಟೆ, ಕಣ್ಣು ಬಾಯಿಯ ಸುತ್ತ, ಕಿವಿ. ಮುಖವನ್ನು ಚಾಪೆಗೆ ಉಜ್ಜುವುದೂ ತುರಿಕೆಯೇ. ಮನೆ ಧೂಳಿನ ಕಣ್ಣಿಗೆ ಕಾಣದ ಹುಳ, ಬೂಷ್ಟು, ಹೂವಿನ ಪರಾಗ, ಇವುಗಳಿಂದ ಬರುವ ಅಲರ್ಜಿ ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷದೊಳಗೆ ಶುರುವಾಗುತ್ತೆ. ನಮ್ಮ ಕರಾವಳಿಯ ತೇವ ಧೂಳಿನ ಹುಳಕ್ಕೂ ಬೂಷ್ಟಿಗೂ ಒಳ್ಳೆಯ ಜಾಗ.

ಕಿವಿಯನ್ನು ಮರೆಯಬೇಡಿ. ಕಿವಿ ಸೋರುತ್ತೆ, ಡ್ರಾಪ್ಸ್ ಹಾಕುತ್ತೇವೆ, ವಾಸಿಯಾಗುತ್ತೆ, ಎರಡು ತಿಂಗಳಿಗೆ ಪುನಃ ಅದೇ. ಹೀಗೆ ಮತ್ತೆ ಮತ್ತೆ ಬಂದರೆ ಅಡಿಯಲ್ಲಿ ಅಲರ್ಜಿ ಇದೆಯಾ ಅಂತ ಡಾಕ್ಟರ ಹತ್ತಿರ ಕೇಳಿ. ವಾಸನೆಯನ್ನೂ ನೋಡಿ. ಬೊಳ್ಳುವಿನ ಕಿವಿಯಿಂದ ದೋಸೆ ಹಿಟ್ಟು ಹುಳಿ ಜಾಸ್ತಿಯಾದರೆ ಬರುವಂಥ ವಾಸನೆ ಬರುತ್ತಿತ್ತು. ತುರಿಸಿ ಹಾಳಾದ ಚರ್ಮದಲ್ಲಿ ಯೀಸ್ಟ್ ಬೆಳೆದಿತ್ತು.

ಇನ್ನು ಚಿಗಟ. ಬಾಲದ ಬುಡ, ಸೊಂಟ, ಹಿಂದಿನ ತೊಡೆ ಇಲ್ಲೇ ಕಚ್ಚಿಕೊಂಡು ಕೂದಲು ಉದುರಿಸಿದರೆ ಮೊದಲ ಸಂಶಯ ಚಿಗಟದ ಮೇಲೆ. ಅಲರ್ಜಿ ಇರುವ ನಾಯಿಗೆ ಒಂದೆರಡು ಕಡಿತವೇ ಸಾಕು, ತೊಂದರೆ ಕೊಡುವುದು ಚಿಗಟದ ಎಂಜಲು. "ನಮ್ಮ ನಾಯಿಯಲ್ಲಿ ಒಂದು ಚಿಗಟವೂ ಇಲ್ಲ" ಅಂತ ತುಂಬ ಜನ ಹೇಳುತ್ತಾರೆ. ನಾಯಿ ಅದನ್ನು ನೆಕ್ಕಿ ನುಂಗಿರಬಹುದು. ಒಂದು ಕೆಲಸ ಮಾಡಿ. ಬಾಲದ ಬುಡವನ್ನು ಬಿಳಿ ಟಿಶ್ಯೂ ಮೇಲೆ ಬಾಚಿ. ಕರಿಮೆಣಸಿನ ಪುಡಿಯ ಹಾಗೆ ಏನಾದರೂ ಉದುರಿದರೆ ಎರಡು ಹನಿ ನೀರು ಬಿಡಿ. ಕೆಂಪು ಕಂದಾಗಿ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದ್ರೆ ನಾಯಿಯದೇ ರಕ್ತ. ಆಗ ನಾಯಿಗೆ ಮಾತ್ರ ಔಷಧಿ ಹಾಕಿದರೆ ಸಾಲದು, ಅದು ಮಲಗುವ ಗೋಣಿಯನ್ನೂ ಬಿಸಿನೀರಿನಲ್ಲಿ ತೊಳೆಯಬೇಕು, ಮನೆಯ ಬೇರೆ ಪ್ರಾಣಿಗಳಿಗೂ ಔಷಧಿ ಬೇಕು. ಆದರೆ ನಾಯಿಯ ಔಷಧಿಯನ್ನು ಬೆಕ್ಕಿಗೆ ಹಾಕಲೇಬೇಡಿ. ಅದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇದ್ದರೆ ಬೆಕ್ಕು ಸಾಯಬಹುದು.

ಎಲ್ಲ ತುರಿಕೆಯೂ ಅಲರ್ಜಿ ಅಲ್ಲ. ಕಿವಿಯ ಅಂಚು, ಮೊಣಕೈ ತುರಿಸಿ, ಜೊತೆಗೆ ಮನೆಯವರಿಗೂ ತುರಿಕೆ ಶುರುವಾದರೆ ಕಜ್ಜಿ ಇರಬಹುದು. ಡಾಕ್ಟರು ಚರ್ಮ ಸ್ವಲ್ಪ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಅಲ್ಲಿಯವರೆಗೆ ಸೀಮೆಎಣ್ಣೆ, ಫಿನಾಯಿಲು ಮುಟ್ಟಬೇಡಿ. ಮನೆಯಲ್ಲಿರುವ ನಮ್ಮ ಮಾತ್ರೆಯನ್ನು ಸುಮ್ನೆ ಕೊಡಬೇಡಿ, ಕೆಲವು ನೋವಿನ ಮಾತ್ರೆ ನಾಯಿಗೆ ವಿಷ.

ಕಾಯಲೇಬಾರದ ಸಂದರ್ಭವೂ ಇದೆ. ಜೇನುನೊಣವೋ ಕಣಜವೋ ಕಚ್ಚಿ ಮುಖ ಊದಿದರೆ, ಮೈಯಲ್ಲಿ ಪಿತ್ತದ ಗಂಧೆಯ ಹಾಗೆ ಎದ್ದರೆ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಒಮ್ಮೆಲೇ ವಾಂತಿ, ಭೇದಿ, ಒಸಡು ಬಿಳಿಚುವುದು, ಉಸಿರಾಟದ ಕಷ್ಟ, ಕುಸಿಯುವುದು ಕಂಡರೆ ರಿಕ್ಷಾವೋ ಕಾರೋ, ಸಿಕ್ಕಿದ್ದರಲ್ಲಿ ಹೊರಡಿ.

ಬೊಳ್ಳುವಿನದು ಊಟದ ಅಲರ್ಜಿ ಅಂತ ಆಮೇಲೆ ಗೊತ್ತಾಯಿತು. ಬೇಸಿಗೆಯಲ್ಲೂ ನೆಕ್ಕುತ್ತಿದ್ದ, ನಾವು ಮಳೆಗಾಲದಲ್ಲಿ ಮಾತ್ರ ಗಮನಿಸಿದ್ದು. ಅವನ ಊಟ ಗಂಜಿ, ಕೋಳಿ, ಕೆಲವೊಮ್ಮೆ ಬಂಗುಡೆ. ಡಾಕ್ಟರು 8 ವಾರ ಅವನು ಹಿಂದೆ ತಿನ್ನದ ಆಹಾರ ಮಾತ್ರ ಕೊಡಲು ಹೇಳಿದರು. ಆಡಿನ ಮಾಂಸ, ಬೇಯಿಸಿದ ಸಿಹಿಗೆಣಸು, ಅಷ್ಟೇ. ಹಾಲಿಲ್ಲ, ಬಿಸ್ಕತ್ತಿಲ್ಲ. ಮೂರನೇ ವಾರದಲ್ಲಿ ಅತ್ತೆ ಪಾಪ ಅಂತ ಒಂದು ಬಿಸ್ಕತ್ತು ಕೊಟ್ಟರು, ಡಾಕ್ಟರು ಮೊದಲಿನಿಂದ ಎಣಿಸಲು ಹೇಳಿದರು. ಅತ್ತೆ ಅವತ್ತಿಂದ ಡಬ್ಬವನ್ನು ಅಟ್ಟದಲ್ಲಿಟ್ಟರು. 8 ವಾರ ಮುಗಿಯುವಾಗ ನೆಕ್ಕುವುದು ಹೆಚ್ಚುಕಡಿಮೆ ನಿಂತಿತ್ತು. ನೋಡೋಣ ಅಂತ ಪುನಃ ಕೋಳಿ ಕೊಟ್ಟೆವು. ನಾಲ್ಕನೇ ದಿನ ಜಗಲಿಯಿಂದ ಅದೇ ಕಟಕಟ ಶಬ್ದ. ಅಲ್ಲಿಗೆ ಕೋಳಿ ಬಂದ್.

ಕೆಂಪಾದ ಕೂದಲು ತೊಳೆದು ಹೋಗುವುದಿಲ್ಲ, ಹೊಸದು ಬೆಳೆಯಬೇಕು. ದೀಪಾವಳಿಯ ಹೊತ್ತಿಗೆ ಬೊಳ್ಳುವಿನ ಬೆರಳ ಬುಡದಲ್ಲಿ ಒಂದು ಗೆರೆ ಬಿಳಿ ಬಂದಿತ್ತು. ಅತ್ತೆಯೇ ಮೊದಲು ನೋಡಿ ನನ್ನನ್ನು ಕರೆದರು.