ಕಾಲಿನ ಜೋಮು ಎಲ್ಲಿಂದ ಹೊರಟಿದೆ?

ಕೇಳುಗರಿಗೆ ನಮಸ್ಕಾರ.

ಕಾಲುನೋವೆಂದು ಆಸ್ಪತ್ರೆಗೆ ಬಂದವರನ್ನು ಎಲ್ಲಿ ನೋವು ಎಂದು ಕೇಳಿದರೆ, ಹೆಚ್ಚಿನವರು ಸೊಂಟದಿಂದ ಪಾದದವರೆಗೆ ಕೈ ಎಳೆದು "ಇಡೀ ಕಾಲು" ಅನ್ನುತ್ತಾರೆ. "ನರದ ತೊಂದರೆ ಇರಬೇಕು" ಎಂದೂ ಸೇರಿಸುತ್ತಾರೆ. ನಮ್ಮಲ್ಲಿ ನರ ಅನ್ನುವ ಪದಕ್ಕೆ ಕೆಲಸ ಜಾಸ್ತಿ. ಮೀನಖಂಡದಲ್ಲಿ ನೀಲಿಯಾಗಿ ಉಬ್ಬಿದ್ದೂ ನರ, ಜುಮ್ಮೆನ್ನುವುದೂ ನರ. ಉಬ್ಬಿ ಕಾಣುವುದು ರಕ್ತನಾಳ. ನಿಜವಾದ ನರ ಹೊರಗೆ ಕಾಣುವುದಿಲ್ಲ. ಅದು ಎಲ್ಲಿ ಒತ್ತಿಕೊಂಡಿದೆ ಎಂಬ ಸುಳಿವನ್ನು ಮರಗಟ್ಟಿದ ಜಾಗವೇ ಕೊಡುತ್ತದೆ.

ಕಾಫಿ ಕೊಯ್ಲಿನ ಕೊನೆಯಲ್ಲಿ ಗಿಡದ ಬುಡದಲ್ಲಿ ಉದುರಿದ ಕಾಯಿ ಹೆಕ್ಕುವ ಕೆಲಸ ಇರುತ್ತದಲ್ಲ, ಅದನ್ನು ನೋಡಿ. ಗಂಟೆಗಟ್ಟಲೆ ಕುಕ್ಕುರುಗಾಲಿನಲ್ಲಿ ಕೂರಬೇಕು. ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಬೆರಳಿಟ್ಟರೆ ಒಂದು ಗುಂಡು ಮೂಳೆ ಸಿಗುತ್ತದೆ. ಅದರ ಕುತ್ತಿಗೆಯನ್ನು ಬಳಸಿಕೊಂಡು ಒಂದು ನರ ಹೋಗುತ್ತದೆ, ಚರ್ಮದ ತೀರಾ ಹತ್ತಿರದಲ್ಲಿ. ಕುಕ್ಕುರುಗಾಲಿನಲ್ಲಿ ಅದು ಹಿಂಡಿಕೊಳ್ಳುತ್ತದೆ. ಗಮ್‌ಬೂಟಿನ ಮೇಲಂಚು ಬಿಗಿಯಾಗಿ ಅಲ್ಲೇ ಕೂತರೂ, ಕಾಳುಮೆಣಸು ಬಿಡಿಸುವಾಗ ಅದೇ ಜಾಗವನ್ನು ಏಣಿಗೆ ಒತ್ತಿಕೊಂಡು ನಿಂತರೂ ಅದೇ ಕಥೆ. ಕಣಕಾಲಿನ ಹೊರಬದಿ ಮತ್ತು ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ, ಪಾದ ಮೇಲೆತ್ತಲು ಬಾರದೆ ಚಪ್ಪಲಿ ನೆಲಕ್ಕೆ ಎಳೆಯುತ್ತದೆ. ಸೊಂಟನೋವು ಇರುವುದಿಲ್ಲ. ಒತ್ತಡ ತಪ್ಪಿಸಿದರೆ ಹಲವರಿಗೆ ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತದೆ. ಆದರೆ ಪಾದ ಜೋತುಬಿದ್ದರೆ ಕಾದು ನೋಡಬೇಡಿ, ತೋರಿಸಿ. ಹೆಕ್ಕುವಾಗ ಒಂದು ಮಣೆ ಹಾಕಿಕೊಳ್ಳಿ, ಕಾಲು ಗಂಟೆಗೊಮ್ಮೆ ಎದ್ದು ನಿಲ್ಲಿ.

ಚೀಲ ಹೊತ್ತವರ ನೋವು ಬೇರೆ. 50 ಕಿಲೋ ಚೀಲವನ್ನು ಬಗ್ಗಿ, ಸೊಂಟ ತಿರುಚಿ ಎತ್ತಿದಾಗ ಬೆನ್ನುಮೂಳೆಯ ನಡುವಿನ ಡಿಸ್ಕ್ ಹೊರಚಾಚಿ ನರದ ಬೇರನ್ನು ಒತ್ತಬಹುದು. ನೋವು ಪಿರ್ರೆಯಿಂದ ಇಳಿದು ಹೆಬ್ಬೆರಳಿಗೆ ಹೋದರೆ, ಹಿಮ್ಮಡಿಯ ಮೇಲೆ ನಡೆಯಲು ಕಷ್ಟವಾದರೆ, ಸಾಮಾನ್ಯವಾಗಿ ಸೊಂಟದ ಐದನೇ ನರ. ತೊಡೆಯ ಹಿಂಬದಿಯಿಂದ ಕಿರುಬೆರಳಿಗೆ ಹೋಗಿ, ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಅದರ ಕೆಳಗಿನ ನರ. ಕೆಮ್ಮಿದರೆ, ಸೀನಿದರೆ ನೋವು ಚಿಮ್ಮುತ್ತದೆ. ಹೆಚ್ಚಿನವರಿಗೆ 6ರಿಂದ 12 ವಾರಗಳಲ್ಲಿ ಆಪರೇಷನ್ ಇಲ್ಲದೆ ಇಳಿಯುತ್ತದೆ. ಎರಡು ದಿನಕ್ಕಿಂತ ಹೆಚ್ಚು ಮಲಗಿದರೆ ಸ್ನಾಯು ಸೋತು ಕಷ್ಟವೇ ಜಾಸ್ತಿ. ಸೊಂಟಕ್ಕೆ ಮೆಟ್ಟಿಸುವುದು, ಜೋರಾಗಿ ತಿಕ್ಕಿಸುವುದು ಬೇಡ.

ವಯಸ್ಸಾದವರಿಗೆ ನಡೆದರೆ ಬರುವ ನೋವಿನಲ್ಲಿ ನಮ್ಮ ಬೆಟ್ಟದ ದಾರಿಯೇ ಒಂದು ಪರೀಕ್ಷೆ. ಏರು ಹತ್ತುವಾಗ ಮೀನಖಂಡ ಹಿಡಿದುಕೊಂಡು, ಎರಡು ನಿಮಿಷ ಸುಮ್ಮನೆ ನಿಂತರೆ ಬಿಟ್ಟುಹೋಗುತ್ತದೆಯೇ? ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ ಇದ್ದವರಲ್ಲಿ ಅದು ರಕ್ತನಾಳ ಕಿರಿದಾದ ಸೂಚನೆ. ಇಳಿಜಾರಿನಲ್ಲಿ ಜಾಸ್ತಿಯಾಗಿ, ನಿಂತರೆ ಕಡಿಮೆಯಾಗದೆ, ಕಲ್ಲಿನ ಮೇಲೆ ಮುಂದಕ್ಕೆ ಬಾಗಿ ಕೂತರೆ ಮಾತ್ರ ಹಗುರಾದರೆ, ಬೆನ್ನುಹುರಿಯ ಕೊಳವೆ ಕಿರಿದಾಗಿರಬಹುದು. ಏರಿನಲ್ಲಿ ಮೈ ತಾನಾಗಿ ಮುಂದಕ್ಕೆ ಬಾಗುತ್ತದೆ, ಕೊಳವೆಗೆ ಜಾಗ ಸಿಗುತ್ತದೆ. ಇಳಿಯುವಾಗ ಹಿಂದಕ್ಕೆ ವಾಲಿ ಬಿಗಿಯಾಗುತ್ತದೆ. ಅದಕ್ಕೇ ಡಾಕ್ಟರರ ಹತ್ತಿರ "ನಡೆದರೆ ನೋವು" ಎಂದಷ್ಟೇ ಹೇಳಿದರೆ ಸಾಲದು, ಏರೋ ಇಳಿಜಾರೋ ಹೇಳಿ.

ಎರಡೂ ಪಾದಗಳಲ್ಲಿ ಒಂದೇ ಸಮ, ಬೆರಳಿನ ತುದಿಯಿಂದ ಶುರುವಾಗಿ, ರಾತ್ರಿ ಉರಿ ಏರುವ ಜೋಮಿಗೆ ಮೊದಲು ಸಕ್ಕರೆ ನೋಡಿಸಬೇಕು. ಬರಿಹೊಟ್ಟೆಯಲ್ಲಿ 126 ಅಥವಾ ಮೇಲಿದ್ದರೆ ಅದು ಸಕ್ಕರೆ ಕಾಯಿಲೆಯ ಅಂಕಿ. ಇನ್ನೊಮ್ಮೆ ನೋಡಿ ಖಚಿತಪಡಿಸುತ್ತಾರೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ, ಮಾಂಸ ಮೊಟ್ಟೆ ತಿನ್ನದವರಲ್ಲಿ ಬಿ12 ವಿಟಮಿನ್ ಕಡಿಮೆಯಾಗಿಯೂ ಹೀಗಾಗುತ್ತದೆ. ದಿನವೂ ಕುಡಿಯುವವರಿಗೆ ಮದ್ಯವೇ ಕಾರಣ ಆಗಬಹುದು. ಪರೀಕ್ಷೆ ಮಾಡಿಸದೆ "ನರದ ಇಂಜೆಕ್ಷನ್" ಕೇಳಿ ಚುಚ್ಚಿಸಿಕೊಂಡರೆ ಆಮೇಲೆ ರಕ್ತದಲ್ಲಿ ಬಿ12 ಲೆಕ್ಕವೇ ತಪ್ಪು ತೋರಿಸುತ್ತದೆ. ಮೈಮೇಲೆ ಬಣ್ಣ ಮಾಸಿದ, ಮುಟ್ಟಿದರೆ ತಿಳಿಯದ ಮಚ್ಚೆಯಿದ್ದರೆ ಕುಷ್ಠದ ತಪಾಸಣೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, ಪೂರ್ತಿ ಗುಣವಾಗುತ್ತದೆ, ಮುಚ್ಚಿಡುವುದು ಬೇಡ.

ಪಾದ ಮರಗಟ್ಟಿದವರು ಮಳೆಗಾಲದಲ್ಲಿ ಒಲೆಯ ಮುಂದೆ ಕಾಲು ಚಾಚಿ ಕೂರಬಾರದು. ಬಿಸಿ ತಿಳಿಯುವುದಿಲ್ಲ, ಬೊಬ್ಬೆ ಎದ್ದ ಮೇಲೇ ಗೊತ್ತಾಗುವುದು. ಕಾಲಿಗೆ ಹಾಕುವ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ. ಬೂಟು ಹಾಕುವ ಮೊದಲು ಕೊಡವಿ, ಒಳಗೆ ಕೈ ಆಡಿಸಿ. ಸಣ್ಣ ಕಲ್ಲೊಂದು ಇಡೀ ದಿನ ಒತ್ತಿ ಹುಣ್ಣು ಮಾಡಿದರೂ ನೋವಾಗದು.

ಇನ್ನು, ತಡಮಾಡಲೇಬಾರದ ನಾಲ್ಕು ಇವೆ. ಕೂರುವ ಜಾಗ, ಗುಪ್ತಾಂಗದ ಸುತ್ತ ಮರಗಟ್ಟಿ ಮೂತ್ರ ಕಟ್ಟಿಕೊಳ್ಳುವುದು. ಒಂದು ಕಾಲು ಹಠಾತ್ತನೆ ಬಿಳಚಿ ತಣ್ಣಗಾಗುವುದು. ಒಂದೇ ಮೀನಖಂಡ ಊದಿ ಬಿಸಿಯಾಗಿ ನೋಯುವುದು. ಮುಖ, ಕೈ, ಕಾಲು ಒಂದೇ ಬದಿಯಲ್ಲಿ ಸೋಲುವುದು. ಇವಕ್ಕೆ ಗಂಟೆಗಳ ಲೆಕ್ಕ. ಸಂತೆ ದಿನ, ನಾಳೆ ಬಸ್ಸು ಎಂದು ಕಾಯದೆ 108ಕ್ಕೆ ಫೋನ್ ಮಾಡಿ. ಊದಿದ ಕಾಲನ್ನು ತಿಕ್ಕಬೇಡಿ, ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಬಹುದು.

ಉಳಿದವರು ಡಾಕ್ಟರರನ್ನು ಕಾಣುವ ಹಿಂದಿನ ರಾತ್ರಿ ಒಂದು ಕೆಲಸ ಮಾಡಿ. ಕಣ್ಣು ಮುಚ್ಚಿ ಕೂತು, ಮನೆಯವರೊಬ್ಬರಿಂದ ಹತ್ತಿಯ ಎಳೆಯನ್ನು ಕಾಲ್ಬೆರಳಿನಿಂದ ಮೇಲಕ್ಕೆ ಮೆಲ್ಲಗೆ ತಾಗಿಸಿಕೊಂಡು ಬನ್ನಿ. ತಾಗಿದ್ದು ಎಲ್ಲಿ ತಿಳಿಯಲು ಶುರುವಾಯಿತೋ ಅಲ್ಲಿ ಬಾಲ್‌ಪೆನ್ನಿನಿಂದ ಗೆರೆ ಎಳೆಯಿರಿ. ಸುತ್ತಲೂ ಹೀಗೆ ಮಾಡಿ. ನುಂಗುವ ಮಾತ್ರೆಗಳ ಚೀಟಿಯ ಜೊತೆ ಆ ಗೆರೆಯನ್ನೂ ಅಳಿಸದೆ ಹಾಗೇ ತೋರಿಸಿ.