ಗೊಲ್ಯಾತನ ಕವಚ, ದಾವೀದನ ಕವಣೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬೈಬಲಿನ ಕಥೆ ಇದು: ಇಸ್ರಾಯೇಲ್ಯರ ಶತ್ರುಗಳಾದ ಫಿಲಿಷ್ಟಿಯರ ಯೋಧ ಗೊಲ್ಯಾತ, ಅವನನ್ನು ಕವಣೆ ಕಲ್ಲಿನಿಂದ ಉರುಳಿಸಿ ಕೊಂದ ಕುರಿ ಕಾಯುವ ಹುಡುಗ ದಾವೀದ. ಗೊಲ್ಯಾತ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಎಷ್ಟೆತ್ತರ ಇದ್ದ? ಅದನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ಬೈಬಲಿನಲ್ಲಿ 1 ಸಮುವೇಲ 17ನೇ ಅಧ್ಯಾಯ ತೆಗೆದರೆ ಆರು ಮೊಳ ಒಂದು ಗೇಣು ಅಂತಿದೆ, ಅಂದರೆ ಸುಮಾರು 2.9 ಮೀಟರ್. ಮೃತ ಸಮುದ್ರದ ದಡದ ಕುಮ್ರಾನ್ ಗವಿಯಲ್ಲಿ ಸಿಕ್ಕ, ಇದೇ ಸಮುವೇಲ ಗ್ರಂಥದ ಪ್ರಾಚೀನ ಸುರುಳಿಯಲ್ಲಿ ನಾಲ್ಕು ಮೊಳ ಒಂದು ಗೇಣು. ಹಳೆಯ ಗ್ರೀಕ್ ಅನುವಾದದಲ್ಲೂ ಅಷ್ಟೇ, ಇತಿಹಾಸಕಾರ ಜೋಸೀಫಸನಲ್ಲೂ ಅಷ್ಟೇ. ಎರಡು ಮೀಟರಿಗೆ ಚೂರು ಹೆಚ್ಚು. ಎತ್ತರದ ಆಳೇ ಸರಿ, ರಾಕ್ಷಸನಲ್ಲ.

ನೀವು ನೋಡಬೇಕಾದದ್ದು ಎತ್ತರವನ್ನಲ್ಲ, ಅವನು ಹೊತ್ತ ಭಾರವನ್ನು. ಕಂಚಿನ ತಗಡುಗಳನ್ನು ಒಂದರ ಮೇಲೊಂದು ಹೊಂದಿಸಿದ ಕವಚ 5000 ಶೆಕೆಲ್. ಶೆಕೆಲ್ ಅಂದರೆ ಆ ಕಾಲದ ತೂಕದ ಅಳತೆ; ಒಂದಕ್ಕೆ ಹನ್ನೊಂದು ಗ್ರಾಂ ಹಿಡಿದರೂ 55 ಕೆ.ಜಿ. ಬರ್ಜಿಯ ಕಬ್ಬಿಣದ ಮೊನೆಯೊಂದೇ 600 ಶೆಕೆಲ್, ಆರೂವರೆ ಕೆ.ಜಿ.ಗೆ ಕಡಿಮೆಯಿಲ್ಲ. ಅದರ ಹಿಡಿಯೋ, ನೇಕಾರರ ಮಗ್ಗದ ಮರದಷ್ಟು ದಪ್ಪ. ಮೇಲೆ ಕಂಚಿನ ಶಿರಸ್ತ್ರಾಣ, ಮೊಣಕಾಲ ಕೆಳಗೆ ಕಂಚಿನ ಪಟ್ಟಿ, ಸೊಂಟಕ್ಕೆ ಕತ್ತಿ. ಗುರಾಣಿ ಹೊರುವುದಕ್ಕೆ ಮುಂದೆ ಇನ್ನೊಬ್ಬ ಆಳು. ಇದೆಲ್ಲ ಎದುರಾಳಿ ಕೈಗೆಟಕುವಷ್ಟು ಹತ್ತಿರ ಬಂದರೆ ಮಾತ್ರ ಉಪಯೋಗ. ದೂರ ನಿಂತವನ ಮುಂದೆ ಬರೀ ಹೊರೆ.

ಈಗ ಕವಣೆಗೆ ಬರೋಣ. ಕವಣೆ ಆಟದ ಸಾಮಾನಲ್ಲ, ದಯವಿಟ್ಟು ಇದೊಂದನ್ನು ನೆನಪಿಡಿ. ಜೋಳದ ಹೊಲದಲ್ಲಿ ಅಟ್ಟಣಿಗೆ ಹತ್ತಿ ಹಕ್ಕಿ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಡುವೆ ಕಲ್ಲು ಕೂರುವ ಪಟ್ಟಿ, ಎರಡು ಕಡೆ ಹುರಿ. ಒಂದು ಹುರಿಯ ಕುಣಿಕೆ ಬೆರಳಿಗೆ, ಇನ್ನೊಂದರ ತುದಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ. ಬೀಸಿ ತುದಿ ಬಿಟ್ಟರೆ ಕಲ್ಲು ಹಾರಿತು. ಬಿಡುವ ಗಳಿಗೆಯಲ್ಲೇ ಎಲ್ಲ ಇರುವುದು: ಚೂರು ಮೊದಲಾದರೂ ಗುರಿ ತಪ್ಪಿತು, ಚೂರು ತಡವಾದರೂ ತಪ್ಪಿತು. ಕಲ್ಲು ಅಂಕುಡೊಂಕಾಗಿದ್ದರೆ ಗಾಳಿಯಲ್ಲಿ ಹೊಯ್ದಾಡಿ ಪಕ್ಕಕ್ಕೆ ಹೋಗುತ್ತದೆ. ದಾವೀದ ಹಳ್ಳಕ್ಕೆ ಇಳಿದು ನುಣುಪಾದ ಐದು ಕಲ್ಲು ಆರಿಸಿದ್ದು ಅದಕ್ಕೇ. ಈ ಐದು ಕಲ್ಲಿಗೆ ಐದು ಗೂಢಾರ್ಥ ಹುಡುಕುವವರಿದ್ದಾರೆ. ಒಂದು ತಪ್ಪಿದರೆ ಇನ್ನೊಂದು ಬೇಕಲ್ಲ, ಅಷ್ಟೇ.

ಕವಣೆಗಾರರು ಸೈನ್ಯದ ಒಂದು ಅಂಗವೇ ಆಗಿದ್ದರು. ಇಸ್ರಾಯೇಲ್ಯರ ಬೆನ್ಯಾಮೀನ್ ಕುಲದ 700 ಮಂದಿ ಎಡಚರು ಕೂದಲೆಳೆಗೆ ಗುರಿಯಿಟ್ಟರೂ ತಪ್ಪುತ್ತಿರಲಿಲ್ಲ ಎನ್ನುತ್ತದೆ ಬೈಬಲಿನ ನ್ಯಾಯಸ್ಥಾಪಕರು ಗ್ರಂಥ. ಅಶ್ಶೂರದ ಅರಸ ಸನ್ಹೇರೀಬ ಕ್ರಿ.ಪೂ. 701ರಲ್ಲಿ ಯೆಹೂದದ ಲಾಕೀಷ್ ಕೋಟೆಗೆ ಮುತ್ತಿಗೆ ಹಾಕಿದ ಉಬ್ಬುಶಿಲ್ಪ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ಕವಣೆಗಾರರು ಸಾಲಾಗಿ ನಿಂತಿದ್ದಾರೆ. ಮತ್ತೆ ಹೇಳುತ್ತೇನೆ, ಕವಣೆ ಆಟದ ಸಾಮಾನಲ್ಲ.

ಎರಡೂ ಸೈನ್ಯಗಳು ಎದುರುಬದುರಾಗಿ ನಿಂತಿದ್ದ ಏಲಾ ತಗ್ಗಿನಲ್ಲಿ ನಡೆದದ್ದನ್ನು ಈಗ ನೋಡಿ. ನಲವತ್ತು ದಿನ ಬೆಳಿಗ್ಗೆ ಸಂಜೆ ಗೊಲ್ಯಾತ ಬಂದು ಸವಾಲು ಹಾಕಿದ. ಇಸ್ರಾಯೇಲ್ಯರಲ್ಲಿ ಎಲ್ಲರಿಗಿಂತ ಎತ್ತರದವನು ಅರಸ ಸೌಲನೇ, ಉಳಿದವರು ಅವನ ಹೆಗಲಿಗೆ ಬರುತ್ತಿದ್ದರು. ಅವನೂ ಅಲ್ಲಾಡಲಿಲ್ಲ. ಅಣ್ಣಂದಿರಿಗೆ ಹುರಿಗಾಳು, ಹತ್ತು ರೊಟ್ಟಿ ತಂದ ಹುಡುಗ ಹೋಗುತ್ತೇನೆ ಅಂದಾಗ ಸೌಲ ಮಾಡಿದ್ದೇನು? ತನ್ನ ಕವಚ ಬಿಚ್ಚಿ ತೊಡಿಸಿದ, ತಲೆಗೆ ಕಂಚಿನ ಶಿರಸ್ತ್ರಾಣ ಇಟ್ಟ. ಹುಡುಗನನ್ನು ಇನ್ನೊಬ್ಬ ಗೊಲ್ಯಾತನನ್ನಾಗಿ ಮಾಡಹೊರಟ! ದಾವೀದ ನಡೆದು ನೋಡಿದ, ನನಗೆ ಇದು ರೂಢಿಯಿಲ್ಲ ಅಂತ ಬಿಚ್ಚಿಟ್ಟ. ಕುರಿ ಕಾಯುವ ಕೋಲು ಹಿಡಿದು ಹೊರಟ. ಗೊಲ್ಯಾತನ ಕಣ್ಣಿಗೆ ಬಿದ್ದದ್ದು ಆ ಕೋಲು. ನಾನೇನು ನಾಯಿಯೋ, ಕೋಲು ಹಿಡಿದು ಬರುತ್ತೀಯಲ್ಲ ಅಂತ ಬೈದ. ಇನ್ನೊಂದು ಕೈಯಲ್ಲಿದ್ದ ಕವಣೆಯ ಬಗ್ಗೆ ಅವನ ಬಾಯಲ್ಲಿ ಒಂದು ಮಾತೂ ಇಲ್ಲ. ಬಾ ನನ್ನ ಹತ್ತಿರ, ಅಂದ. ಹತ್ತಿರ ಬಂದರೆ ತಾನೇ ಅವನ ಬರ್ಜಿಗೆ ಕೆಲಸ! ದಾವೀದ ಅಷ್ಟು ಹತ್ತಿರ ಹೋಗಲೇ ಇಲ್ಲ. ಓಡುತ್ತಲೇ ಕಲ್ಲು ತೆಗೆದು ಬೀಸಿದ. ಅದು ನಾಟಿದ್ದು ಕಂಚು ಮುಚ್ಚದೆ ಬಿಟ್ಟಿದ್ದ ಹಣೆಗೆ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಎರಡೇ ಮಾತು. ಗೊಲ್ಯಾತನ ಊರು ಗತ್, ಇವತ್ತಿನ ಇಸ್ರೇಲಿನ ತೆಲ್ ಎಸ್-ಸಾಫಿ ದಿಬ್ಬ. 2005ರಲ್ಲಿ ಅಲ್ಲಿ ಅಕ್ಷರ ಕೊರೆದ ಮಡಕೆಚೂರು ಸಿಕ್ಕಿತು. ಅದರಲ್ಲಿ ಗೊಲ್ಯಾತ ಎಂಬ ಹೆಸರನ್ನು ಹೋಲುವ ಎರಡು ಹೆಸರುಗಳಿವೆ, ಅವನ ಹೆಸರಿಲ್ಲ. ಇನ್ನು, 2 ಸಮುವೇಲ 21ರಲ್ಲಿ ಗೊಲ್ಯಾತನನ್ನು ಕೊಂದವನು ಎಲ್ಹಾನಾನ್ ಅಂತಿದೆ. 1 ಪೂರ್ವಕಾಲವೃತ್ತಾಂತ 20ರಲ್ಲಿ ಅದೇ ಎಲ್ಹಾನಾನ್ ಕೊಂದದ್ದು ಗೊಲ್ಯಾತನ ಸಹೋದರ ಲಹ್ಮೀಯನ್ನು. ಮನೆಯಲ್ಲಿ ಬೈಬಲ್ ಇದ್ದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ. ನಮಸ್ಕಾರ.