ಗಣಿತದ ಮೇಷ್ಟ್ರು ಪಾದ್ರಿಯೇ?

ಕೇಳುಗರೆಲ್ಲರಿಗೂ ನಮಸ್ಕಾರ. ಶಾಲೆಯಲ್ಲಿ ಪಾಠ ಮಾಡುವವರು, ಆ ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿರುವವರು ಸ್ವಲ್ಪ ರೇಡಿಯೊ ಹತ್ತಿರ ಬನ್ನಿ. ಇವತ್ತು ನಾನು ಹೇಳುವುದು ಒಂದೇ ಮಾತು. ಗಣಿತ ಕಲಿಸುವ ಮೇಷ್ಟ್ರು ಪಾದ್ರಿಯಲ್ಲ.

ಇದನ್ನೂ ಹೇಳಬೇಕಾ ಅಂತೀರಿ, ಅಲ್ವಾ? ಅಮೆರಿಕದಲ್ಲಿ ಹೇಳಲೇಬೇಕಾಗಿದೆ.

ಇಂಡಿಯಾನಾಪೊಲಿಸ್ ನಗರದಲ್ಲಿ ನಡೆದದ್ದು ಕೇಳಿ. ಬ್ರೆಬೂಫ್ ಎಂಬ ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಒಬ್ಬರು ಗಣಿತದ ಮೇಷ್ಟ್ರು. ಅದೇ ಊರಿನ ಕೆಥೆಡ್ರಲ್ ಹೈಸ್ಕೂಲಿನಲ್ಲಿ ಇನ್ನೊಬ್ಬರು ಸಮಾಜ ಪಾಠದ ಮೇಷ್ಟ್ರು. ಇಬ್ಬರೂ ಗಂಡಸರು. 2017ರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಮದುವೆಯಾದರು. ಆ ದೇಶದ ಕಾನೂನಿಗೆ ಅದು ಮದುವೆ. ಚರ್ಚಿನ ಬೋಧನೆಗೆ ಅಲ್ಲ. ಮಹಾಧರ್ಮಪ್ರಾಂತ್ಯದಿಂದ, ಅಂದರೆ ಅಲ್ಲಿನ ಚರ್ಚುಗಳನ್ನು ನೋಡಿಕೊಳ್ಳುವ ಆರ್ಚ್‌ಬಿಷಪ್‌ರ ಆಡಳಿತದಿಂದ, ಎರಡೂ ಶಾಲೆಗೆ ಸೂಚನೆ ಬಂತು, ಇವರನ್ನು ಮುಂದುವರಿಸಬೇಡಿ ಎಂದು.

ಬ್ರೆಬೂಫ್ ಜೆಸ್ವಿಟರ ಶಾಲೆ. ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಶುರು ಮಾಡಿದ ಅದೇ ಯೇಸುಸಭೆ ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘದವರದ್ದು. ಅವರು ಬಗ್ಗಲಿಲ್ಲ. ಈ ಮೇಷ್ಟ್ರು ಚೆನ್ನಾಗಿ ಪಾಠ ಮಾಡುತ್ತಾರೆ, ಕಳಿಸುವುದಿಲ್ಲ ಎಂದರು. 2019ರ ಜೂನ್‌ನಲ್ಲಿ ಆರ್ಚ್‌ಬಿಷಪ್ ಆದೇಶ ಹೊರಡಿಸಿದರು: ಬ್ರೆಬೂಫ್ ಇನ್ನು ಕ್ಯಾಥೊಲಿಕ್ ಶಾಲೆಯೇ ಅಲ್ಲ! ಕೆಲವೇ ದಿನಗಳಲ್ಲಿ ಕೆಥೆಡ್ರಲ್‌ನವರು ತಮ್ಮ ಮೇಷ್ಟ್ರನ್ನು ತೆಗೆದರು. ಅವರ ಪಾಠದಲ್ಲಿ ಕೊರತೆ ಇತ್ತೆಂದಲ್ಲ. ಇಟ್ಟುಕೊಂಡರೆ ಶಾಲೆಯಲ್ಲಿ ಬಲಿಪೂಜೆ, ಅಂದರೆ ಪಾದ್ರಿ ನಡೆಸುವ ಮಾಸ್ ಪ್ರಾರ್ಥನೆ, ನಿಲ್ಲುತ್ತದೆ, ತೆರಿಗೆ ವಿನಾಯಿತಿ ಹೋಗುತ್ತದೆ ಎಂದು ಶಾಲೆಯ ಕುಟುಂಬಗಳಿಗೆ ಕಾಗದ ಬರೆದರು.

ಒಂದೇ ಮನೆ, ಒಂದೇ ಮದುವೆ. ಒಬ್ಬರು ಬೆಳಿಗ್ಗೆ ಎದ್ದು ತಮ್ಮ ಶಾಲೆಗೆ ಹೋಗಬಹುದಿತ್ತು, ಇನ್ನೊಬ್ಬರು ಹೋಗುವ ಹಾಗಿರಲಿಲ್ಲ. ನನಗೆ ಇದನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ. ಸೆಪ್ಟೆಂಬರ್‌ನಲ್ಲಿ ವ್ಯಾಟಿಕನ್ ಬ್ರೆಬೂಫ್ ಮೇಲಿನ ಆದೇಶವನ್ನು ತಡೆಹಿಡಿಯಿತು. ಕೆಲಸ ಹೋದವರು ಕೋರ್ಟಿಗೆ ಹೋದರು. 2022ರಲ್ಲಿ ಇಂಡಿಯಾನಾ ರಾಜ್ಯದ ಸುಪ್ರೀಂ ಕೋರ್ಟ್, ಇದು ಚರ್ಚಿನ ಒಳಗಿನ ವಿಷಯ ಎಂದು ಕೈಬಿಟ್ಟಿತು.

ಧರ್ಮೋಪದೇಶ ಮಾಡುವವರು ಯಾರಿರಬೇಕೆಂದು ಚರ್ಚೇ ತೀರ್ಮಾನಿಸಲಿ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅಲ್ಲಿನ ಕೋರ್ಟುಗಳಲ್ಲಿ 'ಮಿನಿಸ್ಟೀರಿಯಲ್ ಎಕ್ಸೆಪ್ಷನ್' ಅಂತ ಒಂದು ನಿಯಮ ಇದೆ. ಪಾದ್ರಿಯ ಕೆಲಸ ಮಾಡುವವರನ್ನು ತೆಗೆದರೆ ಉದ್ಯೋಗ ಕಾನೂನು ನಡುವೆ ಬರುವುದಿಲ್ಲ. ಈಗ ಈ ಪಾದ್ರಿ ಅನ್ನುವ ಮಾತನ್ನು ಎಲ್ಲಿಗೆ ಎಳೆದಿದ್ದಾರೆ ನೋಡಿ. 2020ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಕ್ಯಾಥೊಲಿಕ್ ಪ್ರಾಥಮಿಕ ಶಾಲೆಗಳ ಇಬ್ಬರು ಟೀಚರ್‌ಗಳ ಕೇಸು. ವಯಸ್ಸಾಯಿತೆಂದು ತೆಗೆದರು ಎಂಬುದು ಒಬ್ಬರ ದೂರು. ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಬೇಕೆಂದ ಮೇಲೆ ತೆಗೆದರು ಎಂಬುದು ಇನ್ನೊಬ್ಬರದು. ಮಕ್ಕಳಿಗೆ ಧರ್ಮಪಾಠವನ್ನೂ ಮಾಡುತ್ತಿದ್ದರಲ್ಲ ಎಂದು, ನ್ಯಾಯಾಧೀಶರ 7-2 ಬಹುಮತದಲ್ಲಿ ಶಾಲೆಗಳೇ ಗೆದ್ದವು.

ಹೊತ್ತಾಗುತ್ತಿದೆ, ಬೇಗ ಹೇಳುತ್ತೇನೆ. ಅಮೆರಿಕದ ಷಾರ್ಲಟ್ ನಗರದ ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಇಂಗ್ಲಿಷ್, ನಾಟಕ ಕಲಿಸುತ್ತಿದ್ದ ಒಬ್ಬ ಮೇಷ್ಟ್ರು, ಇನ್ನೊಬ್ಬ ಗಂಡಸನ್ನು ಮದುವೆಯಾಗುತ್ತೇನೆಂದು 2014ರಲ್ಲಿ ಫೇಸ್‌ಬುಕ್‌ನಲ್ಲಿ ಬರೆದರು. ಕೆಲಸ ಹೋಯಿತು. 2024ರಲ್ಲಿ ಮೇಲ್ಮನವಿ ಕೋರ್ಟು ಅವರನ್ನೂ ಪಾದ್ರಿಯ ಸಾಲಿಗೆ ಸೇರಿಸಿತು. ಅವರು ಕಲಿಸಿದ್ದು ನಾಟಕ, ಸ್ವಾಮಿ! ಮತ್ತೆ ಹೇಳುತ್ತೇನೆ, ಮೇಷ್ಟ್ರು ಪಾದ್ರಿಯಲ್ಲ.

ಜರ್ಮನಿಯ ಬಿಷಪ್ಪರು ಇದನ್ನು ಒಪ್ಪಿಕೊಂಡಿದ್ದಾರೆ. 2022ರ ನವೆಂಬರ್‌ನಲ್ಲಿ ತಮ್ಮ ನೌಕರಿ ನಿಯಮ ಬದಲಿಸಿ, ನೌಕರರ ಸಂಸಾರ, ಸಂಬಂಧಗಳಿಗೆ ಕೈಹಾಕುವುದಿಲ್ಲ ಎಂದರು. ಅವರೂ ಅದೇ ಪೋಪರ ಕೆಳಗಿರುವವರೇ. ನಮಸ್ಕಾರ.